ನಾಲ್ಕೂವರೆ ಫಿನ್ನಿನ ಮಂಡಿಹಲಗೆ: ನನ್ನ ಅನುಭವ

ಮಂಡಿಹಲಗೆ ಎಂದರೆ ಮಂಡಿಯೂರಿ ಅಲೆಯ ಮೇಲೆ ಹೋಗುವ ಸರ್ಫ್ ಹಲಗೆ, ಫಿನ್ ಎಂದರೆ ಅದರ ತಳದಲ್ಲಿ ಮೀನಿನ ರೆಕ್ಕೆಯಂತೆ ನಿಂತ ತುಂಡು. ಹಿಂದಿನ ಜೋಡಿ ಫಿನ್ನುಗಳನ್ನು ಅಂಚು ಬಿಟ್ಟು ಒಳಕ್ಕೆ ತಂದರೆ ಹಲಗೆ ಸತ್ತೇಹೋಗುತ್ತದೆ ಎಂದು ನನಗೆ ಹೇಳಿದವರು ಮೂವರು. ಒಬ್ಬ ಜೀವಮಾನವಿಡೀ ಬೋರ್ಡ್ ಕೆತ್ತಿದ ಮುದುಕ ಶೇಪರ್, ಇನ್ನೊಬ್ಬ ಹಲಗೆಗೆ ಗಾಜಿನ ಬಟ್ಟೆ, ರಾಳ ಹೊದಿಸುವ ಗ್ಲಾಸಿಂಗ್ ಅಂಗಡಿಯವ, ಮೂರನೆಯವಳು ನನ್ನ ಹೆಂಡತಿ. ಅವಳ ತಕರಾರು ಫಿನ್ನಿನ ಬಗ್ಗೆ ಅಲ್ಲ, ಕ್ರೆಡಿಟ್ ಕಾರ್ಡಿನ ಬಗ್ಗೆ. ಹೋದ ಜನವರಿಯಲ್ಲಿ ಸ್ಯಾನ್ ಡಿಯಾಗೊದ ಬ್ಲ್ಯಾಕ್ಸ್‌ನಲ್ಲಿ ಒಂದೂವರೆ ಆಳೆತ್ತರದ ಅಲೆಯ ಬುಡದಲ್ಲಿ ಹಲಗೆ ಜಾರದೆ, ನಿಲ್ಲದೆ, ನಾನು ತಿರುಗಿಸಿದಷ್ಟೇ ತಿರುಗಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ವರ್ಷ, ಐದು ಹಲಗೆ, ಏಳು ಹೊಲಿಗೆ ಆಯಿತು.

ನಾನು ಕುಂದಾಪುರ ಕಡೆಯವ. ಸ್ಯಾನ್ ಡಿಯಾಗೊಗೆ ಬಂದು ಹದಿನಾಲ್ಕು ವರ್ಷ. ನಿಂತು ಸರ್ಫ್ ಮಾಡಲು ಎರಡು ವರ್ಷ ಒದ್ದಾಡಿ ಬಿಟ್ಟೆ, ಮಂಡಿಯೂರಿದ ದಿನವೇ ಹೊಂದಿಕೊಂಡಿತು. ಇಲ್ಲಿನವರು ಹಿಮ್ಮಡಿಯ ಮೇಲೆ ಕೂರುವುದಕ್ಕೇ ಆರು ತಿಂಗಳು ಸ್ಟ್ರೆಚಿಂಗ್ ಮಾಡುತ್ತಾರೆ. ನಾನು ಚಾಪೆಯ ಮೇಲೆ ಕೂತು ರಾತ್ರಿಯಿಡೀ ಬಡಗುತಿಟ್ಟಿನ ಮಂಡಿ ಕುಣಿತ ನೋಡಿ ಬೆಳೆದವ. ಮೊಣಕಾಲಿನ ಮೇಲೆ ಗಿರಗಿರನೆ ತಿರುಗಬಹುದು ಎಂದು ನನಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಎರಡು ಮಾತು ಮಾತ್ರ ನೆನಪಿರಲಿ: ಫಿನ್ನಿನ ಮುಂತುದಿ ಹಲಗೆಯ ನಡುಗೆರೆಯ ಕಡೆ ತಿರುಗಿರುವುದು ಟೋ, ಫಿನ್ ಹೊರಕ್ಕೆ ವಾಲಿರುವುದು ಕ್ಯಾಂಟ್. ನೇರ ಸೋಲಿನ ಕಥೆಗೆ ಬರುತ್ತೇನೆ.

ಮೊದಲ ಹಲಗೆಗೆ ನಿಂತು ಆಡುವವರ ಮೂರು ಫಿನ್ನಿನ ಥ್ರಸ್ಟರ್ ಅಳತೆಯನ್ನೇ ಕಣ್ಣುಮುಚ್ಚಿ ಹಾಕಿದೆ: ಪಕ್ಕದವು ಹಲಗೆಯ ಹಿಂತುದಿಯಾದ ಟೇಲ್‌ನಿಂದ 11 ಇಂಚು, ನಡುವಿನದು ಮೂರೂವರೆ. 1981ರಲ್ಲಿ ಸೈಮನ್ ಆಂಡರ್ಸನ್ ಅದೇ ಮೂರು ಫಿನ್ ಹಿಡಿದುಕೊಂಡು ಆಸ್ಟ್ರೇಲಿಯಾದ ಬೆಲ್ಸ್ ಸ್ಪರ್ಧೆ ಗೆದ್ದ ಮೇಲೆ ಜಗತ್ತೇ ಅದರ ಹಿಂದೆ ಹೋಯಿತಲ್ಲ, ನನ್ನದೇನು ದೊಡ್ಡದು ಎಂದುಕೊಂಡೆ. ಹಲಗೆ 5 ಅಡಿ 8 ಇಂಚು, ಅಗಲ 23, ಟೇಲ್ ಹತ್ತಿರತ್ತಿರ 18. ನೀರಿಗೆ ಇಳಿಸಿದರೆ ಕೆಸರುಗದ್ದೆಯಲ್ಲಿ ಹೂತ ಎತ್ತಿನಗಾಡಿ. ಥ್ರಸ್ಟರ್‌ಗೆ ಕಾಲಿನಿಂದ ತುಳಿತ ಬೇಕು. ನಿಂತವನು ಎರಡೂ ಕಾಲು ಒತ್ತಿ ಎತ್ತಿ ವೇಗ ಹುಟ್ಟಿಸುತ್ತಾನೆ. ಮಂಡಿಯೂರಿದವನಿಗೆ ತುಳಿಯಲು ಕಾಲೆಲ್ಲಿ? ವೇಗವನ್ನು ಹಲಗೆಯೇ ಹುಟ್ಟಿಸಿಕೊಳ್ಳಬೇಕು. ನಡುವಿನ ಫಿನ್ ಹಿಂದಿನಿಂದ ಯಾರೋ ಪಂಚೆ ಹಿಡಿದು ಎಳೆದಂತೆ ಎಳೆಯುತ್ತಿತ್ತು. ಆ ಹಲಗೆಯನ್ನು 80 ಡಾಲರ್‌ಗೆ ಮಾರಿದೆ. ಖರ್ಚಾದದ್ದು ಮುನ್ನೂರೈವತ್ತರ ಮೇಲೆ.

ಎರಡನೆಯದು ಅವಳಿ ಕೀಲ್, ಅಂದರೆ ಅಂಚಿಗೆ ಎರಡೇ ಉದ್ದ ಬುಡದ ಫಿನ್. ಇದು ಈ ಊರಿನದೇ ಸೊತ್ತು. 1967ರ ಸುಮಾರಿಗೆ ಸ್ಟೀವ್ ಲಿಸ್ ಇಲ್ಲಿಯ ಸನ್‌ಸೆಟ್ ಕ್ಲಿಫ್ಸ್‌ನಲ್ಲಿ ಮಾಡಿದ, ಮೀನಿನ ಬಾಲದಂಥ ಟೇಲಿನ ಫಿಶ್ ಅಸಲಿಗೆ ಮಂಡಿಹಲಗೆ. ನಿಂತವರು ಅದನ್ನು ಎತ್ತಿಕೊಂಡು ಹೋದದ್ದು ಆಮೇಲೆ. 1972ರ ವಿಶ್ವ ಸ್ಪರ್ಧೆ ಇಲ್ಲಿನ ಓಷನ್ ಬೀಚಿನಲ್ಲಿ ನಡೆದಾಗ ಜಿಮ್ ಬ್ಲಿಯರ್ಸ್ ಗೆದ್ದದ್ದೂ ಅಂಥ ಹಲಗೆಯ ಮೇಲೆ. ಈಗ ಅಂಗಡಿಯಲ್ಲಿ ಸಾವಿರ ಡಾಲರ್ ಕೊಟ್ಟು ಫಿಶ್ ಕೊಳ್ಳುವ ಹುಡುಗರಿಗೆ ಇದು ನಮ್ಮ ಮನೆಯ ಕೂಸು ಎಂದರೆ ನಂಬುವುದಿಲ್ಲ, ನಗುತ್ತಾರೆ. ಇರಲಿ. ಲಿಸ್ ಹಿಡಿದ ಲೆಕ್ಕ ಸರಿಯಾಗಿಯೇ ಇತ್ತು. ಅಗಲ ಟೇಲ್‌ಗೆ ನಡುವೆ ಒಂದೇ ಫಿನ್ ಇಟ್ಟರೆ ಹಲಗೆ ವಾಲಿದಾಗ ಅದು ನೀರಿನಿಂದ ಮೇಲೆದ್ದು ಕೂರುತ್ತದೆ. ಎರಡನ್ನು ಅಂಚಿಗೆ ಇಟ್ಟರೆ ವಾಲಿದ ಕಡೆಯದು ನೀರಲ್ಲೇ ಇರುತ್ತದೆ.

ಕೀಲ್‌ಗಳನ್ನು ಮರೀನ್ ಪ್ಲೈವುಡ್‌ನಲ್ಲಿ ನಾನೇ ಕೊಯ್ದೆ. ಸೊಂಟದೆತ್ತರದ ಅಲೆಯಲ್ಲಿ ಸ್ವರ್ಗ ಮಾರಾಯ್ರೆ, ಬೆಣ್ಣೆಯ ಮೇಲೆ ಬಿಸಿ ಚಾಕು. ಆದರೆ ಅಲೆ ಕಡಿದಾದ ದಿನ ಬುಡದಲ್ಲಿ ಅಡ್ಡಕ್ಕೆ ಜಾರಿತು. ನಾನು ಕೆಳಗೆ, ಹಲಗೆ ಮೇಲೆ, ಕೀಲಿನ ಮೂಲೆ ಬಲತೊಡೆಗೆ. ಏಳು ಹೊಲಿಗೆ. ಆಸ್ಪತ್ರೆಯ ಬಿಲ್ಲಿನಲ್ಲಿ ಎರಡು ಹಲಗೆ ಮಾಡಬಹುದಿತ್ತು. ಪ್ಲೈವುಡ್ ಒಳಗೆ ನೀರು ಕುಡಿದು ಪದರ ಬಿಟ್ಟದ್ದು ಬೇರೆ.

ಮೂರನೆಯದು ನಾಲ್ಕು ಫಿನ್, ಎಲ್ಲರೂ ಹೇಳಿದ ಹಾಗೆ: ಹಿಂದಿನ ಜೋಡಿ ಅಂಚಿಗೆ ಹತ್ತಿಕೊಂಡು, ಮುಂದಿನದರ ಬೆನ್ನಿಗೇ. 1980ರ ದಶಕದ ಮೊದಲಲ್ಲೇ ಆಸ್ಟ್ರೇಲಿಯಾದ ಸರ್ಫರ್ ಗ್ಲೆನ್ ವಿಂಟನ್‌ನಂಥವರು ನಿಂತು ಆಡಿ ತೋರಿಸಿದ್ದರೂ ನಾಲ್ಕು ಫಿನ್ನನ್ನು ಕೈಬಿಡದೆ ಸಾಕಿದವರು ನಾವು ಮಂಡಿಯವರೇ ಎಂದು ನನ್ನ ವಾದ. ವೇಗವೋ ವೇಗ, ತುಳಿಯಬೇಕಾಗಿಯೇ ಇಲ್ಲ. ಆದರೆ ಬುಡದಿಂದ ಮೇಲಕ್ಕೆ ತಿರುಗಿಸಲು ಹೋದರೆ ಆಗುಂಬೆ ಘಾಟಿಯಲ್ಲಿ ಉದ್ದನೆಯ ಬಸ್ಸು ತಿರುಗಿದ ಹಾಗೆ, ಎರಡು ಸಲ ಹಿಂದೆ ಮುಂದೆ ಮಾಡಬೇಕು. ಅಲೆಯ ನೆತ್ತಿಯಲ್ಲಿ ತಿರುವಿನ ಹೊರಮಗ್ಗುಲಿನ ಎರಡೂ ಫಿನ್ ಒಟ್ಟಿಗೆ ಗಾಳಿಗೆ ಬಂದು, ಒಳಮಗ್ಗುಲಿನವು ಮಾತ್ರ ಉಳಿದು, ಟೇಲ್ ಸರ್ರನೆ ಬಿಟ್ಟುಹೋಗುತ್ತಿತ್ತು.

ಅದೇ ಹಲಗೆಯಲ್ಲಿ ಇನ್ನೊಂದು ಪಾಠ ಕಲಿತೆ. ಎಡಕ್ಕೆ ಹೋಗುವಾಗ ಸ್ವಲ್ಪ ಬಿಗಿ, ಬಲಕ್ಕೆ ಸಲೀಸು. ಮೂರು ವಾರ ನನ್ನ ಎಡ ಮಂಡಿಯನ್ನೇ ಬೈದುಕೊಂಡೆ. ಕೊನೆಗೆ ಗ್ಯಾರೇಜಿನಲ್ಲಿ ದಾರ ಕಟ್ಟಿ ಅಳೆದರೆ ಎಡಗಡೆಯ ಹಿಂದಿನ ಫಿನ್ ಕೂರಿಸುವ ಬಾಕ್ಸ್ ಕಾಲಿಂಚು ಹಿಂದೆ ಕೂತಿತ್ತು. ನಿಂತವನಿಗಾದರೆ ಒಂದು ಕಡೆ ಬೆರಳು, ಒಂದು ಕಡೆ ಹಿಮ್ಮಡಿ, ಎರಡೂ ಕಡೆ ಹೇಗೂ ಬೇರೆ ಬೇರೆ, ಇಂಥ ತಪ್ಪು ಮುಚ್ಚಿಹೋಗುತ್ತದೆ. ನಾವು ನೇರ ಮುಂದೆ ಮುಖ ಮಾಡಿ ಕೂತವರು. ಕಾಲಿಂಚಿನ ಕಳ್ಳತನವನ್ನೂ ಮಂಡಿ ಹಿಡಿದುಕೊಡುತ್ತದೆ.

ಒಂದೊಂದು ಅಳತೆಗೆ ಒಂದೊಂದು ಹಲಗೆ ಮಾಡಿದರೆ ಮನೆ ಮಾರಬೇಕಾಗುತ್ತದೆ ಎಂದು ಹೊಳೆದದ್ದು ಆಗ. ನಾಲ್ಕನೆಯದನ್ನು ಬರೀ ಪ್ರಯೋಗಕ್ಕೆಂದು ಮಾಡಿದೆ. ಮುಂದಿನ ಜೋಡಿಗೆ ಮಾಮೂಲು ಬಾಕ್ಸ್. ಹಿಂದೆ ಲಾಂಗ್‌ಬೋರ್ಡಿಗೆ ಹಾಕುವ ಹತ್ತೂವರೆ ಇಂಚಿನ ಉದ್ದ ಬಾಕ್ಸ್ ಐದು: ಹೊರಗೆ ಎರಡು, ಒಳಗೆ ಎರಡು, ನಟ್ಟನಡುವೆ ಒಂದು. ಸ್ಕ್ರೂ ಸಡಿಲಿಸಿ ಫಿನ್ನನ್ನು ಹಿಂದೆ ಮುಂದೆ ಜಾರಿಸಬಹುದು, ದಡದಲ್ಲೇ, ಎರಡು ನಿಮಿಷದಲ್ಲಿ. ಅಂಥ ಬಾಕ್ಸಿಗೆ ಕೂರುವ ಸಣ್ಣ ಫಿನ್ ನನಗೆ ಸಿಗಲಿಲ್ಲವಾದ್ದರಿಂದ 6 ಔನ್ಸ್ ಗಾಜಿನ ಬಟ್ಟೆ ಇಪ್ಪತ್ತೆಂಟೋ ಮೂವತ್ತೋ ಪದರ ಹಾಕಿ ಗಾಜಿನ ಮೇಲೆ ಹಾಳೆ ಎರಕ ಹೊಯ್ದು, ಕೊಯ್ದು, ಉಜ್ಜಿ ಫಿನ್ನಿನ ಆಕಾರಕ್ಕೆ ತಂದೆ. ಗ್ಲಾಸಿಂಗ್ ಅಂಗಡಿಯವ ಹಲಗೆಯ ತಳ ನೋಡಿ, ಇದೇನು ಹಲಗೆಯೋ ಹಾರ್ಮೋನಿಯಮ್ಮೋ ಎಂಬಂತೆ ಮುಖ ಮಾಡಿದ. ಬಾಕ್ಸುಗಳ ತೂಕವೇ ಅರ್ಧ ಕಿಲೋ ದಾಟಿತ್ತು.

ಅವನ ನಗು ಸ್ವಲ್ಪ ದಿನ ನಿಜವೂ ಆಯಿತು. ಕಾಲು ಕೂರಲೆಂದು ಡೆಕ್ಕನ್ನು, ಅಂದರೆ ಹಲಗೆಯ ಮೇಲ್ಮೈಯನ್ನು, ಕೆರೆದು ತಗ್ಗು ಮಾಡಿದ್ದೆ. ಅಲ್ಲಿ ದಪ್ಪ ಉಳಿದದ್ದು ಒಂದೂವರೆ ಇಂಚು, ಬಾಕ್ಸಿನ ಆಳವೇ ಒಂದು. ಇಲ್ಲಿಯ ಬಿಗ್ ರಾಕ್‌ನಲ್ಲಿ ಅಲೆಯ ತುಟಿಯಿಂದ ಬಿದ್ದು ಕೂತಾಗ ಒಳಗಿನ ಬಲ ಬಾಕ್ಸ್ ಡೆಕ್ ಹರಿದು ಮೇಲೆ ಬಂತು, ಹಲಸಿನ ಬೀಜ ತೊಳೆಯಿಂದ ಹೊರಬಂದಂತೆ. ಸುತ್ತ ಗಟ್ಟಿ ಫೋಮಿನ ಬೆಣೆ ಹೊಡೆದು, ಮೇಲೆ ಎರಡು ಪದರ ಬಟ್ಟೆ ಹೆಚ್ಚಿಸಿ, ತಗ್ಗನ್ನು ಮೂರಿಂಚು ಮುಂದೆ ಸರಿಸಿದ ಮೇಲೆ ಇವತ್ತಿನವರೆಗೂ ಜಗ್ಗಿಲ್ಲ.

ಆಮೇಲೆ ಒಂದು ಚಳಿಗಾಲ ಪೂರ್ತಿ ಜಾರಿಸುವುದೇ ಕೆಲಸ. ಒಂದು ಸೆಷನ್ನಿಗೆ ಒಂದೇ ಬದಲಾವಣೆ. ಹೆಚ್ಚಾಗಿ ಸ್ವಾಮೀಸ್‌ನಲ್ಲಿ, ಪರಮಹಂಸ ಯೋಗಾನಂದರ ಆಶ್ರಮದ ಬಂಡೆಯ ಕೆಳಗೆ. ಅಲೆ ಒಡೆಯುವ ಆ ಜಾಗಕ್ಕೆ ಹೆಸರು ಬಂದದ್ದೇ ಆಶ್ರಮದಿಂದ. ಅಲ್ಲಿನ ಬಲದ ಅಲೆ ಪ್ರತಿ ಸಲ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಬರುವುದರಿಂದ ಹೋಲಿಸಲು ಅನುಕೂಲ.

ಮೊದಲು ಗೊತ್ತಾದದ್ದು, ಇಡೀ ಗುಂಪು ಮುಂದಕ್ಕೆ ಬರಬೇಕು. ನಿಂತವನ ಹಿಂಗಾಲು ಫಿನ್ನಿನ ನೆತ್ತಿಯ ಮೇಲೇ ಇರುತ್ತದೆ, ನಮ್ಮ ಭಾರ ಅದಕ್ಕಿಂತ ಎಷ್ಟೋ ಮುಂದೆ. ಮುಂದಿನ ಜೋಡಿ ಹಿಂತುದಿಯಿಂದ 12 ಇಂಚು ದಾಟಿದ ಮೇಲೆ ಹಲಗೆಗೆ ಜೀವ ಬಂತು. ಈಗಿನದು ಹನ್ನೆರಡೂಕಾಲು, ಟೋ ಕಾಲಿಂಚು, ಕ್ಯಾಂಟ್ ಆರು ಡಿಗ್ರಿ ಆಚೀಚೆ. ಹಿಂದಿನದು ಆರೂಮುಕ್ಕಾಲು, ಟೋ ಅದರ ಅರ್ಧ, ಕ್ಯಾಂಟ್ ಮೂರೋ ನಾಲ್ಕೋ. ಎರಡನೆಯದು, ಮೂವರೂ ಬೇಡವೆಂದ ಒಳಗಿನ ಜೋಡಿ. ಹಿಂದಿನವನ್ನು ಒಳ ಬಾಕ್ಸಿಗೆ ಹಾಕಿದ ಬೆಳಿಗ್ಗೆ ಮೊದಲ ಅಲೆಯಲ್ಲೇ ಬುಡದ ತಿರುವು ಅರ್ಧಕ್ಕರ್ಧ ಗಿಡ್ಡವಾಯಿತು. ನೆತ್ತಿಯಲ್ಲಿ ಹೊರಮಗ್ಗುಲಿನ ಮುಂದಿನ ಫಿನ್ ಗಾಳಿಗೆ ಬಂದರೂ ಹಿಂದಿನವು ಎರಡೂ ಇನ್ನೂ ನೀರಲ್ಲಿ. ವೇಗ ಸ್ವಲ್ಪ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಾಯುವಷ್ಟಲ್ಲ.

ಆಸ್ಟ್ರೇಲಿಯಾದ ಬ್ರೂಸ್ ಮೆಕ್ಕೀ ಹಿಂದಿನ ಜೋಡಿಯನ್ನು ಒಳಕ್ಕೆ ತರುವ ಲೆಕ್ಕ ಎಂದೋ ಹಾಕಿದ್ದ. ನನ್ನದೇನೂ ಹೊಸ ವೇದವಲ್ಲ. ಆದರೆ ಅದು ನಿಂತವರ ಕಿರಿದಾದ ಟೇಲ್‌ಗೆ ಹಾಕಿದ ಲೆಕ್ಕ. 18 ಇಂಚಿನ ಟೇಲ್‌ಗೆ ಹಾಗೇ ಇಳಿಸಿದರೆ ಕೆಲಸ ಮಾಡುವುದಿಲ್ಲ, ನೋಡಿಯಾಗಿದೆ. ಹೊರ ಬಾಕ್ಸಿಗೂ ಒಳ ಬಾಕ್ಸಿಗೂ ನಡುವೆ ಒಂದು ಜಾಗ ಉಂಟು, ಐದನೇ ಹಲಗೆಯಲ್ಲಿ ಅಲ್ಲಿಗೇ ಕೂರಿಸಿದ್ದೇನೆ. ಎಷ್ಟು ಇಂಚು ಎಂದು ಮಾತ್ರ ಕೇಳಬೇಡಿ. ನಾಲ್ಕು ವರ್ಷದ ದುಡಿಮೆಯಲ್ಲಿ ಅಷ್ಟಾದರೂ ನನ್ನ ಹತ್ತಿರ ಇರಲಿ.

ಶೀರ್ಷಿಕೆಯ ಆ ಅರ್ಧ ಫಿನ್ ಯಾವುದೆಂದರೆ, ನಟ್ಟನಡುವಿನ ಬಾಕ್ಸಿನಲ್ಲಿ ಹೆಬ್ಬೆರಳೆತ್ತರದ ತುಂಡು. ಸರ್ಫಿಂಗ್ ಚಾಂಪಿಯನ್ ಕೆಲ್ಲಿ ಸ್ಲೇಟರ್ 2011ರಲ್ಲಿ ನಾಲ್ಕರ ನಡುವೆ ಅಂಥದೊಂದನ್ನು ಹಾಕಿದ ಮೇಲೆ ಎಲ್ಲರಿಗೂ ಪರಿಚಯ. ಎರಡು ಇಂಚಿಗಿಂತ ಒಂದು ಕೂದಲು ಹೆಚ್ಚಾದರೂ ನನಗೆ ಮತ್ತೆ ಆ ಪಂಚೆ ಎಳೆಯುವ ಅನುಭವ ಶುರುವಾಗುತ್ತದೆ. ಅಲೆ ತಲೆಗಿಂತ ಎತ್ತರವಿದ್ದ ದಿನ ಮಾತ್ರ ಹಾಕುತ್ತೇನೆ.

ನಡುವೆ ಒಂದು ಹುಚ್ಚು. ಜಾರ್ಜ್ ಗ್ರೀನೋ ಅರವತ್ತರ ದಶಕದಲ್ಲಿ ಟ್ಯೂನಾ ಮೀನಿನ ಬಾಲ ನೋಡಿ ಬಗ್ಗುವ ಫಿನ್ ಮಾಡಿದವ. ಅವನೂ ಮಂಡಿಯವನೇ, ಮರೆಯಬೇಡಿ. ನಾನೂ ಹಿಂದಿನ ಜೋಡಿಯ ತುದಿಯನ್ನು ತೆಳ್ಳಗೆ ಉಜ್ಜಿ ಬಗ್ಗುವಂತೆ ಮಾಡಿದೆ. ವೇಗ ಏರಿದ್ದೇ ತಡ ಹಲಗೆಯ ತಳದಿಂದ ತಂಬೂರಿ ಮೀಟಿದ ಹಾಗೆ ಝೇಂಕಾರ, ಮಂಡಿಯ ಚಿಪ್ಪಿನವರೆಗೂ ನಡುಕ. ಪಕ್ಕದಲ್ಲಿದ್ದವನಿಗೂ ಕೇಳಿಸಿತಂತೆ. ಫಿನ್ನಿನ ಹಿಂದಂಚು ಮೊಂಡಾಗಿತ್ತು, 220ರ ಮರಳು ಕಾಗದದಲ್ಲಿ ಒಂದೇ ಮಗ್ಗುಲಿಗೆ ಚೂಪು ಮಾಡಿದೆ. ಸದ್ದು ನಿಂತಿತು. ಬಗ್ಗುವುದರಿಂದ ಲಾಭವೇನೂ ಕಾಣಲಿಲ್ಲ. ಅಷ್ಟು ಸಣ್ಣ ಫಿನ್ನಿಗೆ ಅದು ಬೇಡ ಅನಿಸುತ್ತದೆ.

ಮೇ ಕೊನೆಯಲ್ಲಿ ಊರಿಗೆ ಹೋದಾಗ ಪ್ರಯೋಗದ ಹಲಗೆಯನ್ನೂ ಒಯ್ದೆ. ವಿಮಾನದವರು ಹಲಗೆಗೆಂದೇ 150 ಡಾಲರ್ ಕಿತ್ತುಕೊಂಡು, ಮಂಗಳೂರಿನಲ್ಲಿ ಮೂತಿ ಜಜ್ಜಿ ಕೊಟ್ಟರು. ಮೂಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಆಶ್ರಮ ಇರುವುದರಿಂದ ರಿಪೇರಿಗೆ ರಾಳ, ಬಟ್ಟೆ ಸಿಗಬಹುದೆಂಬ ಧೈರ್ಯವಿತ್ತು, ಸಿಕ್ಕಿತು. ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ಸೇರಿ ಕಡಲಿಗೆ ಬೀಳುವಲ್ಲಿ ಇಳಿದೆ. ಮಳೆಗಾಲದ ಮುಂಚಿನ ಅಲೆ, ಎದೆಯೆತ್ತರ, ಗಿಡ್ಡ, ಗಾಳಿ ಕಲಕಿದ್ದು. ಅಲ್ಲಿ ನನ್ನ ನಾಲ್ಕೂವರೆ ಸೋತಿತು ಎಂದೇ ಹೇಳಬೇಕು. ಮೂರನೇ ದಿನ ಎಲ್ಲ ಕಿತ್ತು ಮುಂದಿನ ಬಾಕ್ಸಿಗೆ ಎರಡೇ ದೊಡ್ಡ ಫಿನ್ ಹಾಕಿದೆ, ಆಗ ಓಡಿತು. ಬಾಚಣಿಗೆಯಲ್ಲಿ ಕೆರೆದ ಮೇಣ ಮಾತ್ರ ಆ ಬಿಸಿಲಿಗೆ ತುಪ್ಪವಾಗಿ ಹರಿಯಿತು, ತಣ್ಣೀರಿನ ಮೇಣ ಒಯ್ದದ್ದು ನನ್ನದೇ ತಪ್ಪು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಅಜ್ಜರೊಬ್ಬರು ತುಂಬ ಹೊತ್ತು ನೋಡಿ, "ಎದ್ದು ನಿಲ್ಲಲಿಕ್ಕೆ ಬರುವುದಿಲ್ವಾ ನಿಮಗೆ?" ಎಂದು ಕೇಳಿದರು. ಇಲ್ಲ ಎಂದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಪ್ರಯೋಗದ ಹಲಗೆಗೆ ಕೆತ್ತುವ ಫೋಮಿನ ಬ್ಲ್ಯಾಂಕ್ ನೂರು ಡಾಲರಿನ ಹತ್ತಿರ, ರಾಳ ಬಟ್ಟೆ ನೂರಿಪ್ಪತ್ತು, ಉದ್ದ ಬಾಕ್ಸ್ ಐದಕ್ಕೆ ಎಪ್ಪತ್ತು, ಫಿನ್ನಿನ ಹಾಳೆಗೆ ಅರುವತ್ತು, ಹಾಳಾದ ಮರಳು ಕಾಗದ, ಮಾಸ್ಕು, ಬ್ಲೇಡು ಬೇರೆ. ಒಟ್ಟು ನಾನೂರರ ಒಳಗೆ. ಐದನೆಯದು ಮುನ್ನೂರ ಇಪ್ಪತ್ತಕ್ಕೆ ಮುಗಿಯಿತು. ಹೊರಗೆ ಮಾಡಿಸಿದರೆ ಒಂದಕ್ಕೇ ಸಾವಿರ ದಾಟುತ್ತದೆ, ಅದೂ ಅವರ ಅಳತೆಗೆ.

ಮುದುಕ ಶೇಪರ್ ಮೊನ್ನೆ ಗ್ಯಾರೇಜಿಗೆ ಬಂದು ಐದನೇ ಹಲಗೆಯನ್ನು ಮಗುಚಿ, ಹಿಂದಿನ ಜೋಡಿಯ ನಡುವೆ ಗೇಣು ಹಾಕಿ ಅಳೆಯುತ್ತಿದ್ದ. ಕಾಫಿ ತರುವ ನೆಪದಲ್ಲಿ ನಾನು ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟೆ. ಈ ವಾರ ಪ್ರಯೋಗದ ಹಲಗೆಯ ಎಡ ಬಾಕ್ಸಿನಲ್ಲಿ ನೀರು ಇಳಿಯುತ್ತಿದೆ, ಅದನ್ನು ಬಿಚ್ಚಿ ಒಣಗಲು ಇಟ್ಟಿದ್ದೇನೆ.