20 ರೂಪಾಯಿ ಬಲ್ಬಿಗೆ 25 ಸಾವಿರ

ಚಾವಿ ತಿರುವಿದರೆ ಮೀಟರ್ ಬೋರ್ಡಿನಲ್ಲಿ ಆಯಿಲ್ ಲೈಟ್, ಏರ್ ಲೈಟ್ ಎಲ್ಲ ಬರುತ್ತಿದ್ದವು, ಬ್ಯಾಟರಿ ಚಾರ್ಜ್ ಆಗದಿದ್ದರೆ ಉರಿಯೋ ಚಾರ್ಜಿಂಗ್ ಲೈಟ್ ಮಾತ್ರ ಇಲ್ಲ. ಎಷ್ಟು ದಿನದಿಂದ ಅಂತ ಕೇಳಿದರೆ ನನಗೂ ಗೊತ್ತಿಲ್ಲ. ಕೆಂಪು ಲೈಟ್ ಉರಿದರೆ ತಾನೇ ಚಿಂತೆ, ಉರಿಯದಿದ್ದರೆ ಒಳ್ಳೆಯದೇ ಅಂತ ಸುಮ್ಮನಿದ್ದೆ. ನನ್ನದು ಆರು ಚಕ್ರದ ಹಳೇ ಲಾರಿ, ಕೇಬಲ್ ಎಳೆದು ಇಂಜಿನ್ ಬಂದ್ ಮಾಡುವಂಥದ್ದು, 24 ವೋಲ್ಟ್. ಡ್ರೈವರೂ ನಾನೇ, ಓನರೂ ನಾನೇ. ಹಾಗಾಗಿ ಬೈಯೋರೂ ಇಲ್ಲ.

ಕಳೆದ ಮಳೆಗಾಲ ರಾಣೆಬೆನ್ನೂರಿಂದ ಮೆಕ್ಕೆಜೋಳ ಹೇರಿಕೊಂಡು ಮಂಗಳೂರಿಗೆ ಹೊರಟಿದ್ದೆ. ಮಾರನಹಳ್ಳಿ ದಾಟುತ್ತಲೇ ಜಾಮ್. ಶಿರಾಡಿಯಲ್ಲಿ ಮಳೆ ಹಿಡಿದರೆ ಗೊತ್ತಲ್ಲ, ವೈಪರ್, ಹೆಡ್‌ಲೈಟ್ ಹಾಕಿಕೊಂಡೇ ಗಂಟೆಗಟ್ಟಲೆ ನಿಂತಿರಬೇಕು. ಗುಂಡ್ಯ ಮುಟ್ಟುವಷ್ಟರಲ್ಲಿ ಹೆಡ್‌ಲೈಟ್ ಅರಿಶಿನದ ಬಣ್ಣಕ್ಕೆ ಬಂದಿತ್ತು. ಚಹಾ ಕುಡಿಯೋಣ ಅಂತ ಬಂದ್ ಮಾಡಿದ್ದೇ ತಪ್ಪಾಯ್ತು. ಸೆಲ್ಫ್ ಟಕ್ ಅಂತು, ಅಷ್ಟೇ. ಪಕ್ಕದ ಟ್ಯಾಂಕರಿನ ಬ್ಯಾಟರಿಯಿಂದ ಕೇಬಲ್ ಕೊಟ್ಟು ಎಬ್ಬಿಸಿದೆ. ಅವನು 200 ರೂಪಾಯಿ ಕೇಳಿದ, ಆ ಮಳೆಯಲ್ಲಿ 500 ಕೇಳಿದ್ದರೂ ಕೊಡುತ್ತಿದ್ದೆ.

ಊರಿಗೆ ಬಂದು ನಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಸ್ಟಾರ್ಟ್ ಮಾಡಿಸಿದ, ಎಕ್ಸಲೇಟರ್ ಜೋರಾಗಿ ತುಳಿಸಿದ, ಮೀಟರ್ ಹಿಡಿದ. 28 ಚಿಲ್ಲರೆ ವೋಲ್ಟ್, ಅಂದರೆ ಚಾರ್ಜ್ ಆಗ್ತಿದೆ ಅಂತ ಲೆಕ್ಕ. 'ಡೈನಮೋ ಚಲೋ ಐತ್ರೀ ಅಣ್ಣಾರ, ಬ್ಯಾಟ್ರಿ ಹೋಗ್ಯಾವು' ಅಂದ. ಡೈನಮೋ ಅಂದರೆ ಇಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್. ಹಳೇ ಜೋಡಿ ಕೊಟ್ಟು, ಮೇಲೆ ಸುಮಾರು 21 ಸಾವಿರ ಎಣಿಸಿ ಹೊಸ ಜೋಡಿ ಹಾಕಿಸಿದೆ. ಇಪ್ಪತ್ತೈದು ದಿನ ಆಗಿರಬಹುದು, ಹಿರಿಯೂರಿನಲ್ಲಿ ಬೆಳಗಿನ ಜಾವ ಮತ್ತೆ ಟಕ್. ಈ ಸಲ ಡೈನಮೋ ಬಿಚ್ಚಿದರು. ಕಾರ್ಬನ್ ಬ್ರಷ್, ಡಯೋಡ್ ಪ್ಲೇಟ್, ಬೇರಿಂಗ್, ಕೂಲಿ ಎಲ್ಲ ಸೇರಿ 3,800 ಅಂತ ನೆನಪು. ಕೂರಿಸಿದ ಮೇಲೆ ಮತ್ತೆ ಅದೇ ಶಾಸ್ತ್ರ: ತುಳಿದರು, 28 ಬಂತು, ಸರಿ ಆಯ್ತು ಅಂದರು. ಹತ್ತು ದಿನಕ್ಕೆ ಮತ್ತೆ ಇಳಿಯಿತು. ಆಗ ಬಂತು ನೋಡಿ ದೊಡ್ಡ ಲೆಕ್ಕ, ಪೂರಾ ವೈರಿಂಗ್ ಹೊಸದು ಹಾಕಬೇಕು, 18 ಸಾವಿರ.

ಅಷ್ಟು ದುಡ್ಡು ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯ್ತು.

300 ರೂಪಾಯಿಯ ಚಿಕ್ಕ ಡಿಜಿಟಲ್ ವೋಲ್ಟ್ ಮೀಟರ್ ತಂದು ಸ್ಟೇರಿಂಗ್ ಪಕ್ಕ ಟೇಪ್ ಸುತ್ತಿ ಅಂಟಿಸಿದೆ. ಮಾರನೇ ದಿನ ಖಾಲಿ ಗಾಡಿ ತಗೊಂಡು ನಿಧಾನಕ್ಕೆ ಹೊರಟೆ. 24.6 ಇತ್ತು, 24.5 ಆಯ್ತು, ಹೈವೇ ಹತ್ತುವವರೆಗೂ ಇಳೀತಾನೇ ಹೋಯ್ತು. ಮುಂದೊಂದು ಟ್ರ್ಯಾಕ್ಟರ್ ಸಿಕ್ಕಿತು, ಓವರ್‌ಟೇಕ್ ಮಾಡೋಣ ಅಂತ ಗೇರ್ ಇಳಿಸಿ ಒತ್ತಿ ತುಳಿದೆ. ಟಣ್ಣಂತ 28ಕ್ಕೆ ಜಿಗಿಯಿತು. ಆಮೇಲೆ ಎಕ್ಸಲೇಟರಿಂದ ಕಾಲು ತೆಗೆದು ಸ್ಲೋಗೆ ಬಿಟ್ಟರೂ 27.8ರ ಕೆಳಗೆ ಬರಲಿಲ್ಲ. ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ 24.5!

ಅಂದರೆ ಡೈನಮೋಕ್ಕೆ ಶಕ್ತಿ ಇದೆ, ಎಬ್ಬಿಸೋರು ಇಲ್ಲ. ಎಬ್ಬಿಸೋದು ಯಾರು? ಡೈನಮೋದ ಡಿ ಪ್ಲಸ್ (D+) ಅನ್ನೋ ಕಡ್ಡಿಗೆ, ಅಂದರೆ ಟರ್ಮಿನಲ್ಲಿಗೆ, ಬರುವ ಸಣ್ಣ ವೈರು. ಆ ವೈರಿಗೆ ಕರೆಂಟು ಬರೋದು ಚಾರ್ಜಿಂಗ್ ಲೈಟಿನ ಬಲ್ಬಿನ ಮೂಲಕವೇ. ಎಲೆಕ್ಟ್ರಿಷಿಯನ್ನಿಗೆ ಹೇಳಿದೆ. ಅಲ್ಲಿದ್ದ ನಾಲ್ಕು ಜನ ಡ್ರೈವರ್‌ಗಳೂ ಸೇರಿ ನಕ್ಕರು. 'ಬಲ್ಬ್ ಇರೋದು ತೋರ್ಸಾಕ ರೀ ಅಣ್ಣಾರ, ಚಾರ್ಜ್ ಮಾಡಾಕಲ್ಲ.'

ಮನೆ ಮುಂದೆ ನಿಲ್ಲಿಸಿಕೊಂಡು ನಾನೇ ಕೂತೆ. ಚಾವಿ ಆನ್ ಮಾಡಿ, ಡೈನಮೋದ ಆ ಸಣ್ಣ ವೈರು ಬಿಚ್ಚಿ ಇಂಜಿನ್ನಿಗೆ ಅರ್ಥ್ ಕೊಟ್ಟೆ. ದಪ್ಪ ವೈರು ಮುಟ್ಟಬೇಡಿ, ಅದು ಬ್ಯಾಟರಿಯಿಂದ ನೇರ ಬಂದಿರುತ್ತೆ, ಪಾನಾ ಅಂಟಿಕೊಳ್ಳುತ್ತೆ. ಲೈಟ್ ಬರಲಿಲ್ಲ. ಬಂದಿದ್ದರೆ ತಪ್ಪು ಡೈನಮೋದ ಒಳಗೆ ಅಂತ ಅರ್ಥ. ಬರಲಿಲ್ಲ ಅಂದರೆ ಮೀಟರ್ ಬೋರ್ಡಿನ ಕಡೆ. ಖಾತ್ರಿ ಮಾಡಿಕೊಳ್ಳೋಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿ, ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಡಿ ಪ್ಲಸ್ ಕಡ್ಡಿಗೆ ಹಚ್ಚಿ ಸ್ಟಾರ್ಟ್ ಮಾಡಿದೆ. ಬಲ್ಬ್ ಉರಿದು ಆರಿತು, ಸ್ಲೋದಲ್ಲೇ 28. ಹೆಂಡತಿಯನ್ನು ಕರೆದು ತೋರಿಸಿದೆ. 'ಹೂಂ, ಬಂತು, ಊಟಕ್ಕ ಬರ್ರಿ' ಅಂದಳು. ಇಂಜಿನ್ ಬಂದ್ ಮಾಡಿ ಊಟಕ್ಕೆ ಹೋದವನು ಹಾಗೇ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಡೈನಮೋ ಪಕ್ಕ ಬಲ್ಬ್ ನಂದಾದೀಪದ ಹಾಗೆ ಉರೀತಿದೆ. ಮೊದಲೇ ಇಳಿದಿದ್ದ ಬ್ಯಾಟರಿ, ಸೆಲ್ಫ್ ಎತ್ತಲಿಲ್ಲ. ಓಣಿಯ ಹುಡುಗರನ್ನೆಲ್ಲ ಕರೆದು ತಳ್ಳಿಸಿದ್ದಾಯ್ತು.

ಮೀಟರ್ ಬೋರ್ಡ್ ಬಿಚ್ಚಿದರೆ ಬಲ್ಬ್ ಒಳಗೆಲ್ಲ ಕಪ್ಪು, ತಂತಿ ಹರಿದಿತ್ತು. ಅಂಗಡಿಗೆ ಹೋದರೆ ಆ ಅಳತೆಯದು ಎಲ್‌ಇಡಿ ಮಾತ್ರ ಇದೆ ಅಂದ, 60 ರೂಪಾಯಿ. ತಂದು ಹಾಕಿದೆ. ಚಾವಿ ತಿರುವಿದರೆ ಲೈಟ್ ಬಂತು. ಸ್ಟಾರ್ಟ್ ಮಾಡಿದರೆ ಮೀಟರ್ 24.4! ನಕ್ಕಿದ್ದವರಿಗೆ ಮತ್ತೊಮ್ಮೆ ನಗೋಕೆ ಸಿಕ್ಕಿತು. ಎರಡು ದಿನ ನನಗೂ ತಲೆ ಕೆಟ್ಟಿತ್ತು. ಆಮೇಲೆ ಹೊಳೆಯಿತು, ಎಲ್‌ಇಡಿ ಎಳೆಯೋ ಕರೆಂಟೇ ಸ್ವಲ್ಪ. 10-20 ಮಿಲಿ ಆಂಪಿಯರಿಗೆ ಡೈನಮೋ ಏಳುತ್ತಾ? 3 ವ್ಯಾಟಿನ ತಂತಿ ಬಲ್ಬಾದರೆ ನೂರರ ಮೇಲೆ ಬಿಡುತ್ತೆ. ಹಳೇ ಸ್ಟಾಕಿನ ಅಂಗಡಿ ಹುಡುಕಿ 20 ರೂಪಾಯಿಯಂತೆ ನಾಲ್ಕು ತಂದೆ. ಹಾಕಿದೆ, ಮೊದಲ ಸ್ಟಾರ್ಟಿಗೇ, ಸ್ಲೋದಲ್ಲೇ 27.9.

ಅಲ್ಲಿಗೆ ನಿಲ್ಲಿಸೋ ಜಾತಿ ನಾನಲ್ಲ. ಬಲ್ಬ್ ಮತ್ತೆ ಘಾಟಿಯಲ್ಲಿ ಸುಟ್ಟರೆ? ರೇಡಿಯೋ ರಿಪೇರಿಯವನ ಹತ್ತಿರ 220 ಓಮ್, 5 ವ್ಯಾಟಿನ ರೆಸಿಸ್ಟರ್ ತಗೊಂಡು ಬಲ್ಬಿಗೆ ಪ್ಯಾರಲಲ್ ಆಗಿ, ಅಂದರೆ ಬಲ್ಬಿನ ಎರಡು ತುದಿಗೂ ಅಡ್ಡವಾಗಿ ಹಾಕಿದೆ. ಈಗ ಬಲ್ಬ್ ಕಿತ್ತಿಟ್ಟರೂ ಚಾರ್ಜ್ ಆಗುತ್ತೆ. ಎಲ್‌ಇಡಿಯೇ ಬೇಕು ಅನ್ನೋರಿಗೂ ಇದೇ ದಾರಿ. ಚಾವಿ ಆನ್ ಇಟ್ಟು ಬಿಟ್ಟರೆ ಚೆನ್ನಾಗಿ ಬಿಸಿಯಾಗುತ್ತೆ, ಪ್ಲಾಸ್ಟಿಕ್ ಹತ್ತಿರ ಇಡಬಾರದು. ನಾನು ಎಲ್ಲಿ ಕೂರಿಸಿದ್ದೇನೆ ಅಂತ ಮಾತ್ರ ಹೇಳಲ್ಲ. ಉಳಿದ ಎಲ್‌ಇಡಿಯನ್ನು ಮೀಟರ್ ಬೋರ್ಡಿನಲ್ಲಿ ಹೈಬೀಮ್ ತೋರಿಸೋ ಲೈಟಿಗೆ ಹಾಕಿ ನೋಡಿದೆ, ರಾತ್ರಿ ಕಣ್ಣಿಗೇ ಚುಚ್ಚೋದು, ಕಿತ್ತೆ. ಸೈಡ್ ಇಂಡಿಕೇಟರ್‌ಗೂ ಎಲ್‌ಇಡಿ ಹಾಕಿದೆ, ಫ್ಲಾಶರ್ ಹುಚ್ಚು ಹಿಡಿದಂತೆ ಟಕಟಕ ಅನ್ನೋಕೆ ಶುರು, ಅದನ್ನೂ ಕಿತ್ತೆ.

ಏಳು ತಿಂಗಳಾಯ್ತು, ಶಿರಾಡಿ ಹತ್ತಿಪ್ಪತ್ತು ಸಲ ಇಳಿದಿದ್ದೇನೆ, ಒಮ್ಮೆಯೂ ಟಕ್ ಅಂದಿಲ್ಲ. ಮೊನ್ನೆ ಅದೇ ಎಲೆಕ್ಟ್ರಿಷಿಯನ್ ಫೋನ್ ಮಾಡಿದ. ಒಂದು ಟಿಪ್ಪರ್ ಬಂದಿದೆ, ತುಳಿದರೆ ಚಾರ್ಜು, ಇಲ್ಲದಿದ್ದರೆ ಇಲ್ಲ, 'ಆ ಬಲ್ಬ್ ಎಷ್ಟು ವ್ಯಾಟ್ ಅಂದ್ರಿ ಅಣ್ಣಾರ?' ಹೇಳಿದೆ. ಗುಜರಿ ಬೆಲೆಗೆ ಹೋದ ನನ್ನ ಹಳೇ ಬ್ಯಾಟರಿಗಳು ಎಲ್ಲಿ ಅಂತ ಕೇಳಿದೆ. ಒಂದು ವರ್ಷವಾದರೂ ಬರುತ್ತಿದ್ದವು, ಅದೊಂದೇ ಹೊಟ್ಟೆ ಉರಿ. ಯಾರೋ ಟ್ರ್ಯಾಕ್ಟರಿಗೆ ಹಾಕಿಸಿಕೊಂಡು ಹೋದರಂತೆ, ಚಲೋ ನಡೀತಾವಂತೆ.