ಅಗ್ನಿಶಾಮಕ ದಳಕ್ಕೆ ಫೆಮಾ ಅನುದಾನ: ಅರ್ಜಿ ಬರೆಯುವ ಬಗೆ

ಅಮೆರಿಕದ ಸಣ್ಣ ನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರು ಊರಿನ ಅಗ್ನಿಶಾಮಕ ದಳಕ್ಕೆ ಸ್ವಯಂಸೇವಕರಾಗಿ ಸೇರುತ್ತಾರೆ. ನಾಲ್ಕು ಪುಟ ಚೊಕ್ಕವಾಗಿ ಬರೆಯಬಲ್ಲರೆಂಬ ಒಂದೇ ಕಾರಣಕ್ಕೆ ಅನುದಾನದ ಅರ್ಜಿ ಅವರ ಹೆಗಲಿಗೆ ಬೀಳುತ್ತದೆ. ನನ್ನ ಹೆಗಲಿಗೂ ಹಾಗೆಯೇ ಬಿತ್ತು, ಮೊದಲ ಸಲ ಅರ್ಜಿ ತಿರಸ್ಕೃತವಾಯಿತು. ಆಮೇಲೆ ಅಕ್ಕಪಕ್ಕದ ದಳಗಳವರೂ ಅದೇ ತಪ್ಪುಗಳನ್ನು ಮಾಡುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುತ್ತಿರುವುದು 2001ರಿಂದ ನಡೆದುಬಂದಿರುವ, ಅಗ್ನಿಶಾಮಕರ ನೆರವಿಗೆಂದೇ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ಕೊಡುವ ಎಎಫ್‌ಜಿ ಅನುದಾನದ ಬಗ್ಗೆ.

ಮೊದಲು, ಕೇಂದ್ರ ಸರ್ಕಾರದ ಅನುದಾನ ಕೇಳುವವರು ಹೆಸರು ನೋಂದಾಯಿಸಬೇಕಾದ ಸ್ಯಾಮ್ ಜಾಲತಾಣದಲ್ಲಿ ನಗರದ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಬೇಕು. ಅದನ್ನು ಪ್ರತಿವರ್ಷ ನವೀಕರಿಸಬೇಕು ಮತ್ತು ಅದು ಪೂರ್ತಿ ಉಚಿತ. ಸರ್ಕಾರಿ ಪತ್ರದಂತೆಯೇ ಕಾಣುವ ಕಾಗದ ಕಳುಹಿಸಿ ನೋಂದಣಿಗೆ ನೂರಾರು ಡಾಲರ್ ಕೇಳುವ ಖಾಸಗಿ ಮಧ್ಯವರ್ತಿಗಳಿಗೆ ಒಂದು ಸೆಂಟನ್ನೂ ಕೊಡಬಾರದು.

ಎರಡನೆಯ ಹಂತ ಎಣಿಕೆ; ಇದನ್ನು ಕುರ್ಚಿಯಲ್ಲಿ ಕುಳಿತು ಮಾಡಲಾಗದು. ಟಾರ್ಚು ಹಿಡಿದು ಉಡುಪಿನ ಕೋಣೆಗೆ ಹೋಗಿ, ಪ್ರತಿಯೊಂದು ಬೆಂಕಿಕೋಟಿನ ಒಳಪದರವನ್ನು ಬಿಡಿಸಿ, ಅಲ್ಲಿ ಹೊಲಿದಿರುವ ಚೀಟಿಯಲ್ಲಿನ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಬರೆದುಕೊಳ್ಳಬೇಕು. ಬೆವರು, ಮಸಿಗಳಿಂದ ಅಕ್ಷರ ಅಳಿಸಿದ್ದರೆ ಅದನ್ನೂ ಹಾಗೆಯೇ ನಮೂದಿಸಬೇಕು. ಅಗ್ನಿಸುರಕ್ಷತೆಯ ಮಾನದಂಡ ರೂಪಿಸುವ ಎನ್‌ಎಫ್‌ಪಿಎ ಸಂಸ್ಥೆಯ 1851ನೆಯ ಮಾನದಂಡದ (ಈಗ ಅದು 1850ರಲ್ಲಿ ಸೇರಿಹೋಗಿದೆ) ಪ್ರಕಾರ ತಯಾರಾಗಿ 10 ವರ್ಷ ತುಂಬಿದ ಕೋಟು, ಪ್ಯಾಂಟುಗಳನ್ನು ಬಳಕೆಯಿಂದ ತೆಗೆಯಬೇಕು. ಉಸಿರಾಟದ ಸಾಧನಕ್ಕೆ ಜೋಡಿಸುವ ಕಾರ್ಬನ್ ನಾರಿನ ಏರ್ ಸಿಲಿಂಡರುಗಳಿಗೆ ಸಾಮಾನ್ಯವಾಗಿ 15 ವರ್ಷದ ಆಯುಷ್ಯ. ನಡುವೆ 5 ವರ್ಷಕ್ಕೊಮ್ಮೆ ನೀರೊತ್ತಡದ ಪರೀಕ್ಷೆ ಆಗಿರಬೇಕು. ಈ ಪಟ್ಟಿ ಕೈಯಲ್ಲಿಲ್ಲದೆ ಅರ್ಜಿಯ ಒಂದು ಸಾಲನ್ನೂ ಬರೆಯಬೇಡಿ ಎಂಬುದು ನನ್ನ ಖಚಿತ ಸಲಹೆ.

ಮೂರನೆಯದು ವಿವರಣೆಯ ಬರವಣಿಗೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಅರ್ಜಿಯನ್ನು ಮೊದಲು ಗಣಕಯಂತ್ರ ಅಂಕ ಹಾಕಿ ಸೋಸುತ್ತದೆ. ಆ ಜರಡಿಯಲ್ಲಿ ಉಳಿದದ್ದನ್ನು ಬೇರೆ ಊರಿನ ಅಗ್ನಿಶಾಮಕರೇ ಇರುವ ಸಮಿತಿ ಓದುತ್ತದೆ. ಹಣದ ಕೊರತೆ, ಯೋಜನೆಯ ವಿವರ, ವೆಚ್ಚಕ್ಕೆ ತಕ್ಕ ಪ್ರಯೋಜನ, ದಿನನಿತ್ಯದ ಕೆಲಸದ ಮೇಲಿನ ಪರಿಣಾಮ ಎಂಬ ನಾಲ್ಕು ಭಾಗಗಳನ್ನು ಅವರು ಅಳೆಯುತ್ತಾರೆ. ಬೆಂಕಿಯೆಂದರೇನೆಂದು ಅವರಿಗೆ ತಿಳಿಸಿಕೊಡಬೇಕಾಗಿಲ್ಲ. ಆದ್ದರಿಂದ 'ನಮ್ಮ ವೀರ ಯೋಧರು' ಎಂದು ಆರಂಭವಾಗುವ ಪ್ಯಾರಾಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. 'ನಮ್ಮ ಸಾಧನಗಳು ತೀರಾ ಹಳೆಯವು' ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಒಟ್ಟು ಎಷ್ಟು ಕೋಟುಗಳಿವೆ, ಅವುಗಳಲ್ಲಿ ಎಷ್ಟಕ್ಕೆ 10 ವರ್ಷ ದಾಟಿದೆ, ಪಾಳಿ ಬದಲಾಗುವಾಗ ಎಷ್ಟು ಜನ ಇನ್ನೊಬ್ಬರ ಬೆವರಿನ ಕೋಟನ್ನೇ ತೊಡುತ್ತಾರೆ, ಕಳೆದ ವರ್ಷ ಎಷ್ಟು ಕರೆಗಳಲ್ಲಿ ಉಸಿರಾಟದ ಸಾಧನ ಹಾಕಿಕೊಂಡೇ ಒಳಗೆ ಹೋಗಬೇಕಾಯಿತು ಎಂಬುದನ್ನು ಅಂಕಿಗಳಲ್ಲಿ ಹೇಳಬೇಕು. ಹಣದ ಕೊರತೆಯ ಭಾಗದಲ್ಲಿ ನಗರದ ಬಜೆಟ್ಟು, ಸಂಬಳಗಳಿಗೆ ಹೋಗುವ ಪಾಲು, ಹಿಂದಿನ ವರ್ಷಗಳಲ್ಲಿ ನಗರಸಭೆ ಈ ಬೇಡಿಕೆಯನ್ನು ಕೈಬಿಟ್ಟ ಸಂದರ್ಭ ಇವೆಲ್ಲ ಬರಬೇಕು. ಮಾರಾಟಗಾರರು ಸಿದ್ಧ ವಿವರಣೆಯನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅದೇ ಪ್ಯಾರಾ ಹತ್ತು ಊರುಗಳ ಅರ್ಜಿಗಳಲ್ಲಿ ಇರುವುದರಿಂದ ಓದುವವರು ಎರಡನೆಯ ಸಾಲಿಗೇ ಗುರುತು ಹಿಡಿಯುತ್ತಾರೆ.

ಅನುದಾನದ ಜೊತೆಗೆ ನಗರ ತನ್ನ ಕೈಯಿಂದ ಹಾಕಬೇಕಾದ ಪಾಲಿನ ಲೆಕ್ಕದಲ್ಲಿ ಒಂದು ಸಣ್ಣ ಗುಂಡಿಯಿದೆ. ಜನಸಂಖ್ಯೆ 20,000 ಮೀರದಿದ್ದರೆ ಶೇ 5, ಅಲ್ಲಿಂದ 10 ಲಕ್ಷದವರೆಗೆ ಶೇ 10, ಅದಕ್ಕೂ ಮೇಲೆ ಶೇ 15. ಆದರೆ ಈ ಶೇಕಡಾವಾರು ಅನುದಾನದ ಮೊತ್ತಕ್ಕೇ ಹೊರತು ಒಟ್ಟು ವೆಚ್ಚಕ್ಕಲ್ಲ. ಶೇ 10ರ ನಗರದಲ್ಲಿ ಯೋಜನೆ 2,20,000 ಡಾಲರಿನದಾದರೆ ಅನುದಾನ 2,00,000, ನಗರದ ಪಾಲು ಅದರ ಶೇ 10 ಅಂದರೆ 20,000; 22,000 ಅಲ್ಲ. ಮಂಜೂರಾತಿಗೆ ಮೊದಲೇ ಸಾಧನ ಕೊಂಡರೆ ಆ ಹಣ ಮರಳುವುದಿಲ್ಲ.

ಇನ್ನು ಠಾಣೆಯ ಜನರೇಟರ್. ಇದನ್ನೂ ಎಎಫ್‌ಜಿಯಲ್ಲೇ ಕೇಳಬಹುದಾದರೂ ಉಡುಪು, ಉಸಿರಾಟದ ಸಾಧನಗಳಿಗಿರುವ ಆದ್ಯತೆ ಇದಕ್ಕಿಲ್ಲ. ಆದ್ದರಿಂದ ನಾನಂತೂ ಇದನ್ನು ಬೇರ್ಪಡಿಸಿ, ವಿಪತ್ತು ಘೋಷಣೆಯ ನಂತರ ರಾಜ್ಯದ ಮೂಲಕ ಬರುವ ಫೆಮಾದ ವಿಪತ್ತು ತಗ್ಗಿಸುವ ಅನುದಾನದಲ್ಲಿ ಕೇಳುತ್ತೇನೆ. ಅಲ್ಲಿ ಕೇಂದ್ರದ ಪಾಲು ಸಾಮಾನ್ಯವಾಗಿ ಶೇ 75ರವರೆಗೆ. ಎಷ್ಟು ಕಿಲೋವ್ಯಾಟಿನದು ಬೇಕೆಂದು ಅಂದಾಜಿನಲ್ಲಿ ಬರೆಯಬೇಡಿ. ವಾಹನ ಹೊರಡುವ ದೊಡ್ಡ ಬಾಗಿಲುಗಳ ಮೋಟಾರು, ರೇಡಿಯೊ, ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಇವುಗಳ ವಿದ್ಯುತ್ತನ್ನು ಎಲೆಕ್ಟ್ರಿಷಿಯನ್ ಅಳೆದು ಬರೆದುಕೊಡಲಿ. ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ನಾನು ಕಂಡ ಒಂದು ಠಾಣೆಯಲ್ಲಿ ಕಂಪ್ರೆಸರ್ ಚಾಲೂ ಆದ ಕೂಡಲೇ ಹೊಸ ಜನರೇಟರ್ ಉಸಿರುಗಟ್ಟಿ ನಿಂತು, ಬಾಗಿಲನ್ನು ಸರಪಳಿ ಹಿಡಿದು ಕೈಯಿಂದ ಎತ್ತಬೇಕಾಯಿತು. ಅಂಗಡಿಯ ಅಗ್ಗದ ಜನರೇಟರನ್ನು ತಂದು ಬೀದಿಯ ತಂತಿಯಿಂದ ಠಾಣೆಯನ್ನು ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಇಲ್ಲದೆ ನೇರವಾಗಿ ಬೋರ್ಡಿಗೆ ಸಿಕ್ಕಿಸುವ ಜಾಣತನವಂತೂ ಬೇಡವೇ ಬೇಡ; ಕರೆಂಟು ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿದು ಲೈನ್‌ಮನ್‌ಗಳ ಜೀವ ಹೋಗಬಹುದು.

ಜನರೇಟರಿಗೆ ಕಾಂಕ್ರೀಟ್ ಕಟ್ಟೆ, ತಂತಿಗೆ ಅಗೆತ ಬೇಕಾಗುವುದರಿಂದ ಪರಿಸರ ಮತ್ತು ಪಾರಂಪರಿಕ ಕಟ್ಟಡಗಳ ಪರಿಶೀಲನೆ ಮುಗಿಯಲೇಬೇಕು. ಅದಕ್ಕೆ ಮೊದಲು ಗುತ್ತಿಗೆದಾರ ಒಂದು ಸಲಿಕೆ ಮಣ್ಣು ಎತ್ತಿದರೂ ಅನುದಾನ ಕೈತಪ್ಪಬಹುದು. ಹಾಗಾಗಿ ಜಾಗದ ನಕ್ಷೆ, ನಾಲ್ಕೂ ದಿಕ್ಕಿನ ಫೋಟೊ, ಕಟ್ಟಡ ಕಟ್ಟಿದ ವರ್ಷ ಇವನ್ನು ಅರ್ಜಿ ಹಾಕುವಾಗಲೇ ಒಂದು ಫೈಲಿನಲ್ಲಿ ಸಿದ್ಧವಾಗಿಟ್ಟುಕೊಂಡಿರಬೇಕು.