ಕಾಮಿಕ್ಸ್ ಕತೆಯನ್ನು ಅನಿಮೇಷನ್ ಸಿನಿಮಾ ಮಾಡೋದು ಹೇಗೆ? ಮೊದಲು ಕತ್ತರಿ ಹಿಡಿಯಿರಿ

ತಿಂಗಳುಗಟ್ಟಲೆ ಸಂಚಿಕೆ ಸಂಚಿಕೆಯಾಗಿ ಬಂದ ಸೂಪರ್‌ಹೀರೋ ಕತೆಯನ್ನು ಒಂದೂಕಾಲು ಗಂಟೆಯ ಅನಿಮೇಷನ್ ಸಿನಿಮಾಕ್ಕೆ ಇಳಿಸಬೇಕು ಅಂತಿದ್ದೀರಾ? ಸ್ಕ್ರಿಪ್ಟ್ ಆಮೇಲೆ ಬರೆಯಿರಿ. ಮೊದಲು ಇಡೀ ಕತೆಯನ್ನು ಓದಿ, ಪುಸ್ತಕ ಮುಚ್ಚಿಟ್ಟು, ಅದನ್ನು ಓದಿರದ ಯಾರಿಗಾದರೂ ಬಾಯಲ್ಲಿ ಹೇಳಿ. ಹೇಳುವಾಗ ನಿಮಗೇ ಗೊತ್ತಿಲ್ಲದೆ ಬಿಟ್ಟುಹೋದ ಪಾತ್ರಗಳು, ಉಪಕತೆಗಳು ಇರ್ತವಲ್ಲ, ಅವುಗಳಲ್ಲಿ ಹೆಚ್ಚಿನವು ಸಿನಿಮಾಕ್ಕೂ ಬೇಡ.

ಉಳಿದದ್ದರಲ್ಲಿ ಕತೆಯ ಮುಖ್ಯ ಪ್ರಶ್ನೆ ಯಾವುದು ಅಂತ ನೋಡಿ. ಬ್ಯಾಟ್‌ಮ್ಯಾನ್‌ನ ಅನಿಮೇಷನ್ ಸಿನಿಮಾ ‘ಅಂಡರ್ ದಿ ರೆಡ್ ಹುಡ್’ (2010) ಇದಕ್ಕೆ ಒಳ್ಳೆ ಪಾಠ. ವಿಲನ್ ಜೋಕರ್ ಕೈಲಿ ಸತ್ತ ರಾಬಿನ್, ಅಂದರೆ ಬ್ಯಾಟ್‌ಮ್ಯಾನ್‌ನ ಜತೆಗಾರ ಜೇಸನ್ ಟಾಡ್, ವಾಪಸ್ ಬಂದು ಬ್ಯಾಟ್‌ಮ್ಯಾನ್‌ಗೆ ಕೇಳೋದು ಇಷ್ಟೇ: ನನ್ನನ್ನು ಕೊಂದವನನ್ನು ನೀನು ಯಾಕೆ ಬದುಕಿಸಿ ಬಿಟ್ಟೆ? ಕಾಮಿಕ್ಸ್‌ನಲ್ಲಿ ಅವನು ಬದುಕಿ ಬರೋದಕ್ಕೆ ಕಾರಣ, ಸೂಪರ್‌ಬಾಯ್-ಪ್ರೈಮ್ ಅನ್ನೋ ಪಾತ್ರ ವಾಸ್ತವದ ಗೋಡೆಗೇ ಗುದ್ದಿದ್ದು. ಬೇರೊಂದು ದೊಡ್ಡ ಕತೆ ಓದದವರಿಗೆ ಇದು ತಲೆಬುಡ ಅರ್ಥ ಆಗಲ್ಲ. ಸಿನಿಮಾದಲ್ಲಿ ರಾಸ್ ಅಲ್ ಗುಲ್ ಅನ್ನೋ ಇನ್ನೊಬ್ಬ ವಿಲನ್, ಸತ್ತವರನ್ನು ಎಬ್ಬಿಸುವ ತನ್ನ ಲಾಜರಸ್ ಕೊಳದಲ್ಲಿ ಅವನನ್ನು ಬದುಕಿಸುತ್ತಾನೆ, ಅಷ್ಟೇ. ಕಾರಣ ಬದಲಾಯ್ತು, ಪ್ರಶ್ನೆ ಹಾಗೇ ಉಳೀತು. ಎರಡನ್ನೂ ಬರೆದದ್ದು ಒಬ್ಬರೇ, ಜಡ್ ವಿನಿಕ್. ಮೂಲ ಬರೆದವರೇ ತಮ್ಮ ಕತೆ ಕತ್ತರಿಸೋಕೆ ಹಿಂಜರಿಯಲಿಲ್ಲ ಅಂದಮೇಲೆ ನಿಮಗೇನು ಭಯ?

ಅಳತೆಯೂ ಮುಖ್ಯ. 1992ರಲ್ಲಿ ಶುರುವಾದ ಸೂಪರ್‌ಮ್ಯಾನ್ ಸಾವಿನ ಕತೆಯನ್ನು 2007ರ ‘ಸೂಪರ್‌ಮ್ಯಾನ್: ಡೂಮ್ಸ್‌ಡೇ’ ಒಂದೇ ಸಿನಿಮಾಕ್ಕೆ ತುರುಕಿತು. ಸತ್ತವನ ಜಾಗಕ್ಕೆ ಬರುವ ನಾಲ್ಕು ಮಂದಿಯ ಕತೆಯನ್ನೇ ಬಿಡಬೇಕಾಯ್ತು. ಆಮೇಲೆ 2018–19ರಲ್ಲಿ ಅದನ್ನೇ ಎರಡು ಸಿನಿಮಾ ಮಾಡಿದರು. ಬ್ಯಾಟ್‌ಮ್ಯಾನ್-ಜೋಕರ್ ಕತೆ ‘ದಿ ಕಿಲ್ಲಿಂಗ್ ಜೋಕ್’ನ ತೊಂದರೆ ಇದಕ್ಕೆ ಉಲ್ಟಾ. ಮೂಲ ಕತೆ ತುಂಬಾ ಚಿಕ್ಕದು, ಹಾಗಾಗಿ 2016ರ ಸಿನಿಮಾದಲ್ಲಿ ಬ್ಯಾಟ್‌ಗರ್ಲ್‌ದು ಬೇರೆಯೇ ಒಂದು ಕತೆ ಮುಂದೆ ಅಂಟಿಸಿದರು. ಎರಡೂ ಒಂದಕ್ಕೊಂದು ಕೂಡಲೇ ಇಲ್ಲ, ಅಭಿಮಾನಿಗಳು ಬೈದರು. ನನ್ನ ಪ್ರಕಾರ ಚಿಕ್ಕ ಕತೆಯನ್ನು ಚಿಕ್ಕದಾಗೇ ಬಿಡೋದು ಒಳ್ಳೇದು.

ಈಗ ನಿಜವಾದ ಕಷ್ಟ: ಕಾಮಿಕ್ಸ್ ಚಿತ್ರದ ಚೌಕದ ಮೇಲೆ ಡಬ್ಬಿಯೊಳಗೆ ಬರೆದ ಹೀರೋನ ಮನಸ್ಸಿನ ಮಾತು. ಓದುವಾಗ ಅದು ಚೆನ್ನಾಗಿರುತ್ತೆ, ಯಾಕಂದ್ರೆ ಓದುವ ವೇಗ ನಮ್ಮ ಕೈಲಿರುತ್ತೆ. ಸಿನಿಮಾದಲ್ಲಿ ಅದನ್ನೇ ಹಿನ್ನೆಲೆ ದನಿಯಾಗಿ ಓದಿಸಿದರೆ ಹೊಡೆದಾಟದ ನಡುವೆ ಯಾರೋ ಪ್ರವಚನ ಕೊಟ್ಟ ಹಾಗಿರುತ್ತೆ. ‘ದಿ ಡಾರ್ಕ್ ನೈಟ್ ರಿಟರ್ನ್ಸ್’ ಕಾಮಿಕ್ಸ್ ತುಂಬಾ ಬ್ಯಾಟ್‌ಮ್ಯಾನ್‌ನ ಮನಸ್ಸಿನ ಮಾತೇ ಇದೆ, ಆದರೂ ಅನಿಮೇಷನ್‌ನಲ್ಲಿ ಆ ಹಿನ್ನೆಲೆ ದನಿಯನ್ನು ತೆಗೆದೇಬಿಟ್ಟರು. ಪ್ರತಿ ಡಬ್ಬಿಯನ್ನೂ ಹೀಗೆ ಪರೀಕ್ಷೆ ಮಾಡಿ: ಇದನ್ನು ಮುಖ ಅಥವಾ ಕೈ ತೋರಿಸಬಹುದಾ? ತೋರಿಸಬಹುದಾದರೆ ಮಾತು ತೆಗೀರಿ. ಇಲ್ಲ ಅಂದ್ರೆ ಎದುರಿಗಿರೋ ಪಾತ್ರಕ್ಕೆ ಹೇಳಿಸಬಹುದಾ? ಅದೂ ಆಗದಿದ್ದರೆ, ಅದಿಲ್ಲದೆ ಕತೆ ನಿಂತೇಹೋಗುತ್ತಾ ಅಂತ ನೋಡಿ, ಹಾಗಿದ್ದರೆ ಮಾತ್ರ ಇಟ್ಕೊಳ್ಳಿ.

ಕಾಮಿಕ್ಸ್ ಪುಟವನ್ನೇ ಸ್ಟೋರಿಬೋರ್ಡ್, ಅಂದರೆ ಸಿನಿಮಾದ ಒಂದೊಂದು ಶಾಟ್ ಹೇಗಿರಬೇಕು ಅಂತ ಸಾಲಾಗಿ ಬಿಡಿಸಿಟ್ಟ ಚಿತ್ರಗಳು, ಅಂದುಕೊಳ್ಳಬೇಡಿ. ಒಂದು ಚೌಕದಲ್ಲಿ ಮುಷ್ಟಿ ಎತ್ತಿದ್ದಾನೆ, ಮುಂದಿನದರಲ್ಲಿ ವಿಲನ್ ಗೋಡೆ ಒಡೆದು ಹಾರಿದ್ದಾನೆ. ನಡುವಿನದ್ದನ್ನು ಓದುಗರೇ ತುಂಬಿಕೊಂಡರು. ಸಿನಿಮಾದಲ್ಲಿ ಅದನ್ನು ನೀವು ಬರೆಯಬೇಕು, ಯಾರು ಎಲ್ಲಿ ನಿಂತಿದ್ದಾರೆ, ಯಾವ ಕಡೆ ನೋಡ್ತಿದ್ದಾರೆ ಅನ್ನೋದು ಸೇರಿ. ಪುಟ ತಿರುಗಿಸಿದಾಗ ಸಿಗುತ್ತಿದ್ದ ಅಚ್ಚರಿಗೂ ಬದಲಿ ಹುಡುಕಬೇಕು: ಒಂದು ಕಟ್, ಒಂದು ಕ್ಷಣದ ಮೌನ, ಬಾಗಿಲು ತೆಗೆಯೋ ಸದ್ದು, ಏನಾದರೂ.

ಚಿತ್ರದ ಶೈಲಿ ಬಗ್ಗೆ ಒಂದು ಲೆಕ್ಕ ನೆನಪಿರಲಿ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಕೈಯಲ್ಲಿ ಬಿಡಿಸುವುದಾದರೆ ಹೀರೋನ ಬಟ್ಟೆ ಮೇಲಿನ ಒಂದೊಂದು ಗೆರೆಯನ್ನೂ ಅಷ್ಟು ಸಲ ಎಳೆಯಬೇಕು! ಹಾಗಾಗಿ ಗೆರೆ ಕಡಿಮೆ ಮಾಡಿ, ದೂರದಿಂದ ನೆರಳು ನೋಡಿದರೂ ಇವನೇ ಅಂತ ಗೊತ್ತಾದರೆ ಸಾಕು.

ಬರೆದ ಮಾತನ್ನೆಲ್ಲ ಜೋರಾಗಿ ಓದಿ. ಕಟ್ಟಡದಿಂದ ಬೀಳುತ್ತಾ ನಾಲ್ಕು ಸಾಲು ಡೈಲಾಗ್ ಹೊಡೆಯೋದು ಮಾತಿನ ಗುಳ್ಳೆಯಲ್ಲಿ ಮಾತ್ರ ಸಾಧ್ಯ. ಸಾಮಾನ್ಯವಾಗಿ ಧ್ವನಿ ಮೊದಲು ರೆಕಾರ್ಡ್ ಆಗಿ, ಆಮೇಲೆ ಅದಕ್ಕೆ ತುಟಿ ಹೊಂದಿಸುತ್ತಾರೆ. ಆದ್ದರಿಂದ ಮಾತು ತಿದ್ದೋದು ರೆಕಾರ್ಡಿಂಗ್‌ಗೆ ಮುಂಚೆಯೇ ಮುಗೀಬೇಕು.

ಹಕ್ಕಿನ ವಿಷಯ ಚಿಕ್ಕದಾಗಿ: ಹೆಸರಾಂತ ಪಾತ್ರಗಳು ಕಂಪನಿಗಳ ಸೊತ್ತು. ಅನುಮತಿ ಇಲ್ಲದೆ ಮಾರುವಂತಿಲ್ಲ, ಸುಮ್ನೆ ಉಚಿತವಾಗಿ ಹಾಕಿದರೂ ತೆಗೆಸಬಹುದು.

ಕೊನೆಗೆ ಅನಿಮ್ಯಾಟಿಕ್, ಅಂದರೆ ಸ್ಟೋರಿಬೋರ್ಡ್ ಚಿತ್ರಗಳನ್ನು ಸಮಯಕ್ಕೆ ಸರಿಯಾಗಿ ಜೋಡಿಸಿ, ತಾತ್ಕಾಲಿಕ ದನಿ ಹಾಕಿದ ಕಚ್ಚಾ ಸಿನಿಮಾ. ಅದನ್ನು ಕಾಮಿಕ್ಸ್ ಓದಿದ ಒಬ್ಬರಿಗೆ, ಓದದ ಒಬ್ಬರಿಗೆ ತೋರಿಸಿ, ನಡುವೆ ಬಾಯಿ ಬಿಡಬೇಡಿ. ಓದಿದವರು ‘ಆ ಸೀನ್ ಎಲ್ಲಿ?’ ಅಂತಾರೆ. ಓದದವರು ‘ಇವನ್ಯಾರು?’ ಅಂತಾರೆ. ಎರಡನೆಯವರು ಕೇಳಿದ ಕಡೆಯೆಲ್ಲ ಮೊದಲು ರಿಪೇರಿ ಮಾಡಿ, ಮತ್ತೆ ತೋರಿಸಿ. ಅನಿಮೇಷನ್ ಶುರುವಾದ ಮೇಲೆ ಒಂದು ಸೀನ್ ಬಿಸಾಡಿದರೆ ಅದಕ್ಕೆ ಹಾಕಿದ ದುಡ್ಡೂ ಬಿಸಾಡಿದ ಹಾಗೆ, ಅಲ್ವಾ?